ಮೋಡದಲ್ಲಿ ಸಿಕ್ಕ ಬೀಜ

ಠಂಯ್... ಠಂಯ್... ಠಂಯ್.

ಆ ಬೀದಿಗೆ ಬೆಳಗಾಗುತ್ತಿದ್ದುದೇ ಈ ಸದ್ದಿನಿಂದ. ಹಾಲಿನವನ ಸೈಕಲ್ ಗಂಟೆಗೂ ಮೊದಲು, ಎದುರುಮನೆ ತಾತನ ಕೆಮ್ಮಿಗೂ ಮೊದಲು, ಯಾರೋ ದೊಡ್ಡ ವಾದ್ಯವೊಂದರ ಒಂದೇ ತಂತಿಯನ್ನು ಮೀಟುತ್ತಿರುವಂತೆ ಹಾಸಿಗೆ ಅಂಗಡಿಯೊಳಗಿನಿಂದ ಅದು ತೇಲಿ ಬರುತ್ತಿತ್ತು. ವಾದ್ಯವೇನಲ್ಲ, ಹತ್ತಿ ಹಿಂಜುವ ಬಿಲ್ಲು. ಆಳೆತ್ತರದ ಮರದ ಬಿಲ್ಲು, ಅದಕ್ಕೆ ಬಿಗಿದ ತಂತಿ, ತಂತಿಯ ಮೇಲೆ ಮರದ ಕೊಡತಿಯ ಏಟು. ಏಟು ಬಿದ್ದಾಗಲೆಲ್ಲ ನೆಲದಲ್ಲಿ ಗಂಟುಗಂಟಾಗಿ ಬಿದ್ದಿದ್ದ ಹಳೆಯ ಹತ್ತಿ ಬೆಚ್ಚಿಬಿದ್ದು ಮೇಲೆದ್ದು, ಕಿಟಕಿಯ ಬಿಸಿಲಲ್ಲಿ ಎತ್ತ ಹೋಗಲೆಂದು ತಿಳಿಯದೆ ಒಂದು ಗಳಿಗೆ ನಿಂತು, ಆಮೇಲೆ ಮೆಲ್ಲಗೆ ಇಳಿಯುತ್ತಿತ್ತು.

ಬಿಲ್ಲು ಹಿಡಿದವನನ್ನು ಬೀದಿಯವರೆಲ್ಲ ಹತ್ತಿಯಣ್ಣ ಅನ್ನುತ್ತಿದ್ದರು. ಹುಬ್ಬಿನಲ್ಲಿ ಹತ್ತಿ, ಕಿವಿಯ ಹಿಂದೆ ಹತ್ತಿ, ಜೇಬಿಗೆ ಕೈ ಹಾಕಿದರೆ ಬೀಗದ ಕೈಯ ಜೊತೆಗೂ ಒಂದಿಷ್ಟು ಹತ್ತಿ. "ತಲೆಗೆ ಕತ್ತರಿ ಹಾಕ್ಲೋ, ಹಿಂಜಿ ಕೊಡ್ಲೋ?" ಎಂದು ಕ್ಷೌರದಂಗಡಿಯವನು ಪ್ರತಿ ಸಲವೂ ಕೇಳುವನು. "ಹಿಂಜು ಮಾರಾಯ, ಒಂದು ದಿಂಬಿಗಾಗುತ್ತೆ" ಎಂದು ಇವನು ಪ್ರತಿ ಸಲವೂ ಹೇಳುವನು. ಇಬ್ಬರಿಗೂ ಆ ಮಾತು ಇನ್ನೂ ಹಳತಾಗಿರಲಿಲ್ಲ.

ಜನ ವರ್ಷಗಟ್ಟಲೆ ಮಲಗಿ ಹಲಗೆ ಮಾಡಿಬಿಟ್ಟ ಹಾಸಿಗೆಗಳನ್ನು ಅವನು ಬಿಚ್ಚಿ, ಹಿಂಜಿ, ಹೊಸ ಬಟ್ಟೆಯಲ್ಲಿ ತುಂಬಿ ಹೊಲಿದು ಕೊಡುತ್ತಿದ್ದ. ಬಿಚ್ಚುವಾಗ ಏನೇನೋ ಸಿಗುತ್ತಿದ್ದವು: ಮುರಿದ ಹೇರ್‌ಪಿನ್ನು, ಮಗುವಿನ ಹಾಲುಹಲ್ಲು, ಯಾರೋ ಯಾರಿಂದಲೋ ಬಚ್ಚಿಟ್ಟ ಫೋಟೋ. ಅವನ್ನೆಲ್ಲ ಕಾಗದದಲ್ಲಿ ಸುತ್ತಿ, ಒಂದು ಮಾತೂ ಆಡದೆ, ಹಾಸಿಗೆಯ ಜೊತೆಗೇ ಒಪ್ಪಿಸುತ್ತಿದ್ದ. ಜನರ ನಿದ್ದೆಯೊಳಗೆ ಓಡಾಡುವವನು ಚಪ್ಪಲಿ ಬಿಟ್ಟು ಓಡಾಡಬೇಕೆಂಬುದು ಅವನ ಲೆಕ್ಕ. ಜಂಬ ಪಡುತ್ತಿದ್ದುದು ಒಂದೇ ವಿಷಯಕ್ಕೆ. "ನಾನು ಹೊಲಿದ ಹಾಸಿಗೆಯಲ್ಲಿ ಒಂದೇ ಒಂದು ಬೀಜ ಬೆನ್ನಿಗೆ ಚುಚ್ಚಿದ್ರೆ ಹೊತ್ತು ತಂದು ನನ್ನ ತಲೆ ಮೇಲೆ ಹಾಕಿ" ಎನ್ನುತ್ತಿದ್ದ. ಈವರೆಗೆ ಯಾರೂ ಹೊತ್ತು ತಂದಿರಲಿಲ್ಲ.

ಅಂಗಡಿಯ ಹಿಂದೆಯೇ ಮನೆ. ಮನೆಯಲ್ಲಿ ಹೆಂಡತಿ, ಏಳು ವರ್ಷದ ಮಗಳು, ಹೆಂಡತಿಯ ತಾಯಿ. ಮಗಳು ಹುಟ್ಟಿದ ಹೊಸದರಲ್ಲಿ ಹಿಂಜಿದ ಹತ್ತಿಯ ರಾಶಿಯ ಪಕ್ಕದಲ್ಲೇ ಮುದುಡಿ ಮಲಗುತ್ತಿದ್ದಳು, ಎರಡರಲ್ಲಿ ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ. ಅದಕ್ಕೇ ಅವಳು ಉಂಡೆಯಾದಳು. ಶಾಲೆಯ ಹಾಜರಿಯಲ್ಲಿ ಬೇರೆ ಹೆಸರಿತ್ತು, ಕೂಗಿದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ.

ಹೆಂಡತಿಗೆ ಕಣ್ಣಿನ ಆಸ್ಪತ್ರೆಯಲ್ಲಿ ಕೆಲಸ. ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಗೋಡೆಯ ಅಕ್ಷರಗಳನ್ನು ಓದಿಸುವುದು. ಜನ ಅಲ್ಲೂ ಪರೀಕ್ಷೆ ಪಾಸಾಗಲು ನೋಡುತ್ತಾರೆ, ಕಾಣದ ಅಕ್ಷರವನ್ನೂ ಕಂಡಂತೆ ಹೇಳುತ್ತಾರೆ. "ಕಾಣದಿದ್ರೆ ಕಾಣ್ತಿಲ್ಲ ಅನ್ನಿ. ಊಹೆ ಮಾಡ್ಬೇಡಿ" ಎಂದು ಅವಳು ದಿನವಿಡೀ ಹೇಳಿ ಹೇಳಿ, ಆ ಮಾತು ಮನೆಗೂ ಅವಳ ಚೀಲದ ಜೊತೆ ಬಂದುಬಿಡುತ್ತಿತ್ತು. ಸಾಂಬಾರಿಗೆ ಉಪ್ಪು ಹಾಕಿದ್ದೀರಾ ಎಂದರೆ ಗಂಡ "ಹಾಕಿರ್ಬೇಕು" ಅನ್ನುವುದೇ ತಡ, "ಊಹೆ ಮಾಡ್ಬೇಡಿ!"

ಇಂಥ ಮನೆಗೆ ಮೋಡದಜ್ಜ ಬಂದದ್ದು ಉಂಡೆಗೆ ನಾಲ್ಕು ವರ್ಷವಿದ್ದಾಗ, ಒಂದು ಚಳಿಗಾಲದ ರಜೆಯಲ್ಲಿ. ವರ್ಷದ ಕೊನೆಯ ದಿನ. ಬೆಳಗ್ಗೆ ಎದ್ದ ಉಂಡೆ ಬಾಗಿಲು ತೆಗೆದು ನೋಡಿದರೆ ಬೀದಿಯೇ ಇಲ್ಲ. ಎದುರುಮನೆ ಇಲ್ಲ, ದೀಪದ ಕಂಬ ಇಲ್ಲ, ಎಲ್ಲವನ್ನೂ ಮಂಜು ನುಂಗಿತ್ತು. ಮಗು ಹೋ ಎಂದು ಅತ್ತಳು. ಹತ್ತಿಯಣ್ಣ ಅವಳನ್ನೆತ್ತಿಕೊಂಡು ಹೊಸಿಲ ಮೇಲೆ ಕುಳಿತ. ಮಂಜನ್ನೇ ನೋಡುತ್ತಿದ್ದವನ ಬಾಯಿಂದ ಮಾತು ತಾನಾಗಿ ಹೊರಟಿತು.

"ಎಲ್ಲೂ ಹೋಗಿಲ್ಲ ಕಣೇ. ಮೋಡದಜ್ಜ ಬಂದಿದಾನೆ. ಹಳೇ ವರ್ಷಕ್ಕೆ ವಯಸ್ಸಾಯ್ತು ನೋಡು, ಅದನ್ನ ಮಲಗಿಸ್ಬೇಕಲ್ಲ. ಅದಕ್ಕೆ ಮೋಡ ಹಿಂಜಿ ಹೊದಿಕೆ ಹೊಲೀತಿದಾನೆ."

ಅಳು ಅರ್ಧಕ್ಕೆ ನಿಂತಿತು. "ನಿನ್ ಥರ?"

"ನನ್ನ ಥರಾನೇ. ಆದ್ರೆ ಅವನ ಬಿಲ್ಲು ದೊಡ್ಡದು."

"ಮೋಡ ಮಿಕ್ಕಿದ್ರೆ ಏನ್ ಮಾಡ್ತಾನೆ?"

ಹಾಸಿಗೆಯವನ ಮಗಳಲ್ಲವೇ, ಮಿಕ್ಕಿದ್ದರ ಚಿಂತೆ ಅವಳಿಗೆ. "ಮಿಕ್ಕಿದ್ದನ್ನ ಮಕ್ಕಳಿರೋ ಮನೆ ಕಿಟಕೀಲಿ ಇಟ್ಟು ಹೋಗ್ತಾನೆ" ಎಂದ. ಅಂದಮೇಲೆ ಇಡಬೇಕಾಯಿತು. ಮಾಮೂಲಿ ಹತ್ತಿ ಇಟ್ಟರೆ ಉಂಡೆಯ ಬೆರಳು ಒಂದೇ ಮುಟ್ಟಿಗೆ ಕಂಡುಹಿಡಿಯುತ್ತಿತ್ತು. ಅಟ್ಟದ ಮೇಲೆ ಬೂರುಗದ ಹತ್ತಿಯ ಮೂಟೆಯಿತ್ತು. ಮರದಲ್ಲಿ ಬಿಡುವ ಹತ್ತಿ, ರೇಷ್ಮೆಯಂತೆ ಜಾರುವಂಥದ್ದು, ಅಂಗೈಲಿಟ್ಟರೆ ಇಟ್ಟಿದ್ದೇ ತಿಳಿಯದು. ಮೂಗಿಗೆ ಹೋಗುತ್ತದೆಂದು ಮಗುವಿನ ಕೈಗೆ ಎಂದೂ ಕೊಟ್ಟಿರಲಿಲ್ಲ. ಮರುದಿನ ಕಿಟಕಿಯಲ್ಲಿ ಒಂದು ಹಿಡಿ ಮೋಡವಿತ್ತು. ಅದನ್ನು ಮುಟ್ಟಿದ ಉಂಡೆಯ ಮುಖವನ್ನು ನೋಡಿ, ತಾನು ಇಷ್ಟು ವರ್ಷ ಬಿಲ್ಲು ಬಡಿದದ್ದು ಇದಕ್ಕೇ ಇರಬೇಕು ಅನ್ನಿಸಿತು ಅವನಿಗೆ.

ಮುಂದಿನ ವರ್ಷದಿಂದ ಉಂಡೆಯದೂ ಒಂದು ಪದ್ಧತಿ ಸೇರಿತು. ಅಜ್ಜನಿಗೆ ವಯಸ್ಸಾಗಿದೆ, ಸೂಜಿಯ ಕಣ್ಣು ಕಾಣಿಸಲಿಕ್ಕಿಲ್ಲ. ಹಾಗಾಗಿ ವರ್ಷದ ಕೊನೆಯ ಸಂಜೆ ಅಂಗಡಿಯ ಸೂಜಿಗಳಿಗೆಲ್ಲ ಉದ್ದುದ್ದ ದಾರ ಪೋಣಿಸಿ, ಕಿಟಕಿಯ ಹತ್ತಿರ ಒಂದು ಪುಟ್ಟ ದಿಂಬಿಗೆ ಸಾಲಾಗಿ ಚುಚ್ಚಿಡುವಳು. ಬೆಳಗ್ಗೆ ನೋಡಿದರೆ ಸೂಜಿಗಳು ಇರುತ್ತಿರಲಿಲ್ಲ.

ಹೆಂಡತಿಗೆ ಇದು ಸರಿಬರಲಿಲ್ಲ. ಮೊದಲ ವರ್ಷ ಸುಮ್ಮನಿದ್ದಳು. ಎರಡನೆಯ ವರ್ಷ, ಒಣಗಿದ ದುಪ್ಪಟಿಯನ್ನು ಇಬ್ಬರೂ ಎರಡು ತುದಿ ಹಿಡಿದು ಮಡಿಸುತ್ತಿದ್ದಾಗ ಹೇಳಿದಳು.

"ರೀ, ಮಗು ಕಿವಿಗೆ ಹೂವಿಟ್ಟಿದ್ದು ಸಾಕು."

"ಪಾಪ, ಎಷ್ಟು ಖುಷಿ ಪಡ್ತಾಳೆ ನೋಡು."

"ನಾನೂ ಪಡ್ತಿದ್ದೆ." ಅವಳು ದುಪ್ಪಟಿಯ ತುದಿಯನ್ನು ಬಿಡಲಿಲ್ಲ, ಹತ್ತಿರಕ್ಕೂ ಬರಲಿಲ್ಲ. "ನಮ್ಮಪ್ಪ ದೂರದೂರಿಗೆ ಕೆಲಸಕ್ಕೆ ಹೋದೋರು ಅಲ್ಲೇ ಜ್ವರ ಬಂದು ತೀರಿಕೊಂಡ್ರು. ಅಮ್ಮ ನಂಗೆ ಹೇಳ್ಲೇ ಇಲ್ಲ. ವರ್ಷದ ಕೊನೇ ದಿನ ದಿಂಬಿನ ಪಕ್ಕ ಒಂದು ರಿಬ್ಬನ್ನೋ ಗೊಂಬೆನೋ ಇಟ್ಟು, ಅಪ್ಪ ಬಂದಿದ್ರು, ನೀನು ಮಲಗಿದ್ದೆ ಅಂತ ಎಬ್ಬಿಸದೆ ಹೋದ್ರು ಅನ್ನೋಳು. ನಾನು ಮಲಗಿದ್ದೇ ತಪ್ಪು ಅಂದ್ಕೊಂಡೆ ರೀ. ಎಷ್ಟು ವರ್ಷ ರೆಪ್ಪೆ ಹಿಡಕೊಂಡು ಕೂತಿದೀನಿ ಗೊತ್ತಾ? ಕೊನೆಗೆ ಶಾಲೇಲಿ ಯಾರೋ ಹುಡುಗಿ ಹೇಳಿದ್ಲು. ಅವತ್ತಿಂದ ಅಮ್ಮ ಹಸಿವಾಗಿದೆ ಅಂದ್ರೂ ನಂಗೆ ಒಂದು ಸಲ ಅನುಮಾನ ಬರುತ್ತೆ."

ಒಳಗೆ ಅವಳ ತಾಯಿ ಬೇಳೆ ಆರಿಸುತ್ತಿದ್ದ ಮೊರದ ಸದ್ದು ನಿಂತಿತ್ತು. ಇಬ್ಬರಿಗೂ ಕೇಳಿಸಿತು, ಇಬ್ಬರೂ ಕೇಳಿಸದಂತೆ ಇದ್ದರು.

ಆ ದಿನ ಗಂಡ ಹೆಂಡತಿ ಒಂದು ಒಪ್ಪಂದಕ್ಕೆ ಬಂದರು. ಉಂಡೆ ಕೇಳುವವರೆಗೆ ಅವಳು ಬಾಯಿ ಬಿಡುವುದಿಲ್ಲ. ಉಂಡೆ ನೇರವಾಗಿ ಕೇಳಿದ ದಿನ ಅವನು ನೇರವಾಗಿ ಹೇಳಿಬಿಡಬೇಕು. ಸುತ್ತಿ ಬಳಸುವಂತಿಲ್ಲ, ನಕ್ಕು ತಪ್ಪಿಸಿಕೊಳ್ಳುವಂತಿಲ್ಲ. "ಆಯ್ತು" ಎಂದ. ಆ ದಿನ ಇನ್ನೂ ಎಲ್ಲೋ ದೂರದ ಬೆಟ್ಟದಾಚೆ ಇದೆಯೆಂದು ಅವನು ನಂಬಿದ್ದ.

ಅದು ಬಂದದ್ದು ಈ ವರ್ಷ, ಹೊಸ ವರ್ಷದ ಮೊದಲ ಬೆಳಗ್ಗೆಯೇ.

ಅವನು ಬಿಲ್ಲು ಬಡಿಯುತ್ತಿದ್ದ. ಅಂಗಡಿಯ ತುಂಬ ಹತ್ತಿ ಹಾರಾಡುತ್ತಿತ್ತು. ಅದರ ನಡುವಿನಿಂದ ಉಂಡೆ ನಡೆದು ಬಂದಳು. ಒಂದು ಕೈಯಲ್ಲಿ ಮೋಡ. ಇನ್ನೊಂದು ಕೈಯ ಅಂಗೈ ಬಿಚ್ಚಿ ಅವನ ಮುಂದೆ ಹಿಡಿದಳು. ಅವನು ಬಗ್ಗಿ ನೋಡಿದ, ಏನೆಂದು ಕಾಣಲಿಲ್ಲ. ಬೆರಳಿಂದ ಮುಟ್ಟಿದ. ಮೆಣಸಿನ ಕಾಳಿನಷ್ಟು, ದುಂಡಗೆ, ನುಣ್ಣಗೆ. ಯಾರ ಹಾಸಿಗೆಯಲ್ಲೂ ಒಂದು ಬೀಜ ಬಿಡದವನು ಮಗಳ ಮೋಡದಲ್ಲಿ ಬಿಟ್ಟಿದ್ದ.

"ಇದು ಮೋಡದೊಳಗಿತ್ತು" ಎಂದಳು ಉಂಡೆ. ತಾಯಿಯ ಹಾಗೆಯೇ, ಒಂದೊಂದೇ ಸಾಲು ಓದಿಸುವವಳಂತೆ. "ಬೀಜ ಇದೆ ಅಂದ್ರೆ ಮರದಲ್ಲೋ ಗಿಡದಲ್ಲೋ ಬಿಟ್ಟಿದ್ದು. ಮರದಲ್ಲಿ ಬಿಟ್ಟಿದ್ದು ಮೋಡ ಅಲ್ಲ. ಅಪ್ಪಾ, ಮೋಡದಜ್ಜ ನೀನೇನಾ?"

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಆಸ್ಪತ್ರೆಗೆ ಹೊರಟವಳು, ಚೀಲ ಹೆಗಲಲ್ಲಿತ್ತು. ತಂತಿ ಇನ್ನೂ ಸಣ್ಣಗೆ ಗುಂಯ್‌ಗುಡುತ್ತಿತ್ತು. ಅವನು ಅಂಗೈ ಇಟ್ಟು ಅದನ್ನು ನಿಲ್ಲಿಸಿದ.

"ಹೌದು ಮರಿ. ನಾನೇ."

ಉಂಡೆ ಅಳಲಿಲ್ಲ. ಅತ್ತಿದ್ದರೆ ಎತ್ತಿಕೊಳ್ಳಬಹುದಿತ್ತು.

"ಎಲ್ಲಾ ವರ್ಷಾನೂ?"

"ಎಲ್ಲಾ ವರ್ಷಾನೂ."

"ಇದೇನು ಬೀಜ?"

"ಬೂರುಗದ ಮರದ್ದು. ಆಕಾಶದ ಕಡೆ ಬೆಳೆಯೋ ಮರ. ಕಾಯಿ ಒಡೆದ್ರೆ ಒಳಗೆ ಹೀಗೇ ಇರುತ್ತೆ."

ಅವಳು ತಾಯಿಯ ಕಡೆ ತಿರುಗಿದಳು. "ಅಮ್ಮಾ, ಅಪ್ಪ ಹೇಳ್ತಿರೋದು ನಿಜವಾ?"

ಆ ಒಂದು ಪ್ರಶ್ನೆ ಹತ್ತಿಯಣ್ಣನಿಗೆ ಕೊಡತಿಯಲ್ಲಿ ಹೊಡೆದಂತಾಯಿತು. ತಾಯಿ "ನಿಜ" ಎಂದಳು. ಉಂಡೆಗೆ ಅದೂ ಸಾಲಲಿಲ್ಲ. ಬಿಸ್ಕತ್ತಿನ ಹಳೆಯ ಡಬ್ಬಿಗೆ ಮಣ್ಣು ತುಂಬಿ, ಬೀಜವನ್ನು ಅದುಮಿ, ನೀರು ಹನಿಸಿ, ಎಲ್ಲರಿಗೂ ಕೇಳುವಂತೆ ಹೇಳಿದಳು: "ಮರ ಬಂದ್ರೆ ಅಪ್ಪ ಹೇಳಿದ್ದು ನಿಜ. ಬರ್ಲಿಲ್ಲ ಅಂದ್ರೆ ಇದೂ ಸುಳ್ಳು."

ಅಟ್ಟದ ಮೂಟೆಯ ಬೀಜ ಅದು, ಎಷ್ಟು ಕಾಲದಿಂದ ಒಣಗಿ ಬಿದ್ದಿತ್ತೋ. ಮೊಳೆಯುವುದೋ ಇಲ್ಲವೋ ಹತ್ತಿಯಣ್ಣನಿಗೇ ಗೊತ್ತಿರಲಿಲ್ಲ. ಊಹೆ ಮಾಡುವ ಧೈರ್ಯವೂ ಉಳಿದಿರಲಿಲ್ಲ.

ಅಲ್ಲಿಂದ ಅವನ ಮಾತು ಆ ಮನೆಯಲ್ಲಿ ಚಲಾವಣೆ ಕಳೆದುಕೊಂಡಿತು. ಹೊರಗೆ ಚಳಿಯಿದೆ, ಸ್ವೆಟರ್ ಹಾಕ್ಕೋ ಎಂದರೆ ಉಂಡೆ ಕೈ ಹೊರಗೆ ಚಾಚಿ ನೋಡಿ ಬಂದು ಹಾಕಿಕೊಳ್ಳುವಳು. ಚಂದ್ರ ಬಂದಿದಾನೆ ನೋಡು ಎಂದರೆ ಅಜ್ಜಿಯನ್ನು ಕೇಳುವಳು. ಒಂದು ಸಂಜೆ ಊಟದ ನಡುವೆ, "ನಾನು ನಿಮ್ಮನೆಲೇ ಹುಟ್ಟಿದ್ದಾ?" ಎಂದುಬಿಟ್ಟಳು. ಅಜ್ಜಿಯ ಕೈಯ ತುತ್ತು ಅಲ್ಲೇ ನಿಂತಿತು.

ಹೆಂಡತಿ "ನಾನು ಹೇಳಿರ್ಲಿಲ್ವಾ" ಅನ್ನಬಹುದಿತ್ತು. ಅನ್ನಲಿಲ್ಲ. ಅದು ಇನ್ನೂ ಕಷ್ಟವಾಗಿತ್ತು. ಅವನು ಬಿಲ್ಲು ಬಡಿಯುತ್ತಿದ್ದ, ಹತ್ತಿ ಏಳುತ್ತಿತ್ತು, ಇಳಿಯುತ್ತಿತ್ತು. ಆದರೆ ಒಮ್ಮೊಮ್ಮೆ ಆ ಬಿಳಿಯ ಹಾರಾಟದ ನಡುವೆ, ತಾನೇ ಕಟ್ಟಿದ ಆ ಮುದುಕ ದೊಡ್ಡ ಬಿಲ್ಲನ್ನು ಹೆಗಲಿಗೇರಿಸಿ ಬೆನ್ನು ಹಾಕಿ ಹೋಗುತ್ತಿರುವಂತೆ ಕಾಣುತ್ತಿತ್ತು. ಕೂಗಿ ಕರೆಯಲು, ಮೋಡದಜ್ಜ ಅನ್ನುವುದು ಬಿಟ್ಟರೆ, ಅವನಿಗೊಂದು ಹೆಸರನ್ನೂ ಇಟ್ಟಿರಲಿಲ್ಲವಲ್ಲ ಎಂದು ಕೆಡುಕೆನಿಸುತ್ತಿತ್ತು.

ಒಂದು ಮಧ್ಯಾಹ್ನ ಅತ್ತೆ ಅಂಗಡಿಗೆ ಬಂದು, ಮೂಟೆಗೆ ಒರಗಿ ಕೂತರು. ಎಂದೂ ಬರುವವರಲ್ಲ.

"ನೀವು ಪುಣ್ಯವಂತರು ಅಳಿಯಂದಿರೇ" ಎಂದರು. "ನಿಮ್ಮ ಮಗಳು ಕೇಳಿದ್ಲು. ನನ್ನ ಮಗಳು ಕೇಳ್ಲೇ ಇಲ್ಲ."

"ಕೇಳಿದ್ರೆ ಹೇಳ್ತಿದ್ರಾ ಅತ್ತೆ?"

ಮುದುಕಿ ತಮ್ಮ ಸೆರಗಿಗಂಟಿದ ಹತ್ತಿಯ ಎಳೆಯನ್ನು ಬಿಡಿಸಿ ತೆಗೆದರು. "ಗೊತ್ತಿಲ್ಲಪ್ಪ. ಅವಳಿಗೋಸ್ಕರ ರಿಬ್ಬನ್ ಇಡ್ತಿದೀನಿ ಅಂದ್ಕೊಂಡಿದ್ದೆ. ನಂಗೂ ವರ್ಷಕ್ಕೊಂದು ಸಲ ಅವರು ಬಂದು ಹೋದ ಹಾಗಾಗ್ತಿತ್ತು." ಎದ್ದು ನಿಂತು, ಸೀರೆ ಕೊಡವಿಕೊಂಡರು. "ನೀವು ಯಾರಿಗೋಸ್ಕರ ಮಾಡಿದ್ರಿ, ಅದನ್ನೂ ಮಗೂಗೆ ಹೇಳಿ. ಅರ್ಧ ನಿಜ ಹೇಳಿ ಕೂತ್ಕೋಬೇಡಿ."

ಹತ್ತಿಯಣ್ಣ ಕೈಯ ಕೊಡತಿ ಕೆಳಗಿಟ್ಟ. ಮುದುಕಿಗೆ ಗೊತ್ತಿದೆ! ಯಾರಿಗೂ ಗೊತ್ತಿಲ್ಲವೆಂದು ಅವನು ಬಚ್ಚಿಟ್ಟಿದ್ದ ಇನ್ನೊಂದು ಸುಳ್ಳಿತ್ತು. ಎರಡು ಮೂರು ವರ್ಷಗಳಿಂದ ಅವನಿಗೇ ಸೂಜಿಯ ಕಣ್ಣು ಕಾಣುತ್ತಿರಲಿಲ್ಲ. ಕಣ್ಣಾಸ್ಪತ್ರೆಯವಳ ಗಂಡ, ಪಕ್ಕದಂಗಡಿಯ ದರ್ಜಿಯ ಹತ್ತಿರ ಹರಟೆಯ ನೆಪದಲ್ಲಿ ಹೋಗಿ ದಾರ ಪೋಣಿಸಿಕೊಂಡು ಬರುತ್ತಿದ್ದ. ಹೆಂಡತಿಗೆ ಹೇಳಿದರೆ ಕುರ್ಚಿಯಲ್ಲಿ ಕೂರಿಸುತ್ತಾಳೆ. ಇನ್ನು ಹೊಲಿಯಬೇಡಿ ಎಂದು ಯಾರಾದರೂ ಅಂದುಬಿಟ್ಟರೆ? ಬರೀ ಹಿಂಜುವವನಾಗಿ ಉಳಿದರೆ? ಮೋಡದಜ್ಜನಿಗೆಂದು ಉಂಡೆ ಚುಚ್ಚಿಡುತ್ತಿದ್ದ ಸೂಜಿಗಳಲ್ಲಿ ಅವನು ಹೊಸ ವರ್ಷದ ಮೊದಲ ಹಾಸಿಗೆಗಳನ್ನು ಹೊಲಿಯುತ್ತಿದ್ದ. ಬೆರಳೇ ಕಣ್ಣಾಗಿತ್ತು. ಆದರೆ ಆ ಒಂದು ಬೀಜ ಬೆರಳಿಂದಲೂ ಜಾರಿತ್ತು.

ಸಂಜೆ ಉಂಡೆ ಹಿತ್ತಲಲ್ಲಿ ಡಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಶಾಲೆ ಶುರುವಾಗಿತ್ತು, ಮಣ್ಣು ಹಾಗೇ ಇತ್ತು. ಅವನೂ ಪಕ್ಕದಲ್ಲಿ ಕುಕ್ಕರಿಸಿದ.

"ಉಂಡೆ, ಇನ್ನೊಂದು ಸುಳ್ಳಿದೆ. ನೀನು ಕೇಳಿಲ್ಲ, ಆದ್ರೂ ಹೇಳ್ತೀನಿ."

ಅವಳು ಅವನ ಕಡೆ ನೋಡದೆ ಕಾದಳು.

"ನೀನು ದಾರ ಪೋಣಿಸಿ ಇಡ್ತಿದ್ದೆಯಲ್ಲ, ಅದು ಬೇಕಾಗಿದ್ದು ನಂಗೇ. ನಂಗೆ ಸೂಜಿ ಕಣ್ಣು ಕಾಣಲ್ಲ. ಅವತ್ತು ನಿನ್ನ ಕೈಲಿದ್ದ ಬೀಜಾನೂ ಕಾಣಲಿಲ್ಲ. ನಿಮ್ಮಮ್ಮನಿಗೆ ಹೇಳೋಕೆ ಹೆದರಿಕೆ."

ಉಂಡೆ ನಿಧಾನವಾಗಿ ತಿರುಗಿದಳು. ಅವನ ಮುಖದ ಹತ್ತಿರ ಮುಖ ತಂದು ಒಂದು ಕಣ್ಣನ್ನು ನೋಡಿದಳು, ಆಮೇಲೆ ಇನ್ನೊಂದನ್ನು. "ನಾನಿಟ್ಟ ಎಲ್ಲಾ ದಾರದಲ್ಲೂ ಹೊಲಿದ್ಯಾ?"

"ಒಂದೂ ಬಿಡದೆ."

"ಎಸೀಲಿಲ್ವಾ?"

"ಎಸೀತಾರೇನೇ?"

ಅವಳು ಎದ್ದು ಒಳಗೆ ಓಡಿದಳು. ಇಡೀ ಬೀದಿಗೆ ಕೇಳುವಂತೆ ದನಿ ಬಂತು: "ಅಮ್ಮಾ! ಅಪ್ಪಂಗೆ ಕಣ್ಣು ಕಾಣಲ್ವಂತೆ! ನಿಜವಾ ನೋಡು!"

ಹಾಗಾಗಿ ಶಾಲೆಗೆ ರಜೆಯಿದ್ದ ದಿನ, ಹತ್ತಿಯಣ್ಣ ಹೆಂಡತಿಯ ಆಸ್ಪತ್ರೆಯ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದ. ಹೊರಗಿನ ಬೆಂಚಿನ ಮೇಲೆ ಅಜ್ಜಿ, ಅಜ್ಜಿಯ ಪಕ್ಕ ಉಂಡೆ, ಉಂಡೆಯ ತೊಡೆಯ ಮೇಲೆ ಡಬ್ಬಿ. ಅದನ್ನು ಮನೆಯಲ್ಲಿ ಬಿಟ್ಟು ಬರಲು ಅವಳು ಒಪ್ಪಿರಲಿಲ್ಲ. ಹಿಂದಿನ ದಿನ ಮಣ್ಣಿನ ಮಧ್ಯೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು.

"ಕೆಳಗಿನ ಸಾಲು ಓದಿ" ಎಂದಳು ಹೆಂಡತಿ. ಮನೆಯ ದನಿಯಲ್ಲ, ಆಸ್ಪತ್ರೆಯದು.

ಅವಳು ಮನೆಯಲ್ಲಿ ಪಾತ್ರೆ ತೊಳೆಯುತ್ತ ಗುನುಗುವ ಸಾಲು ಅವನಿಗೆ ಬಾಯಿಪಾಠವಾಗಿತ್ತು. "ಗ, ಮ, ಟ, ನ, ಳ" ಎಂದ, ಗಂಟಲು ಸರಿಮಾಡಿಕೊಂಡು.

"ಅದು ಹಳೇ ಬೋರ್ಡು ರೀ. ಹೋದ ತಿಂಗಳೇ ಬದಲಾಯಿಸಿದೀವಿ."

ಪಕ್ಕದ ಕುರ್ಚಿಯಲ್ಲಿ ಕಣ್ಣಿಗೆ ಔಷಧಿ ಬಿಟ್ಟುಕೊಂಡು ಕೂತಿದ್ದ ಹೆಂಗಸು ಕಿಸಕ್ಕನೆ ನಕ್ಕಳು. ಹತ್ತಿಯಣ್ಣ ತಲೆ ತಗ್ಗಿಸಿದ.

"ಕಾಣ್ತಿಲ್ಲ" ಎಂದ.

"ಅದರ ಮೇಲಿಂದು?"

"ಅದೂ ಕಾಣ್ತಿಲ್ಲ ಕಣೇ."

ಅವಳ ಕೈ ಒಂದು ಗಳಿಗೆ ಅವನ ಭುಜದ ಮೇಲೆ ನಿಂತಿತು. ಆಮೇಲೆ ದುಂಡಗಿನ ಕಬ್ಬಿಣದ ಚೌಕಟ್ಟನ್ನು ಅವನ ಮೂಗಿಗೇರಿಸಿ, ಒಂದೊಂದೇ ಗಾಜು ಹಾಕಿ ತೆಗೆದು ಹಾಕಿ ತೆಗೆದು ಮಾಡಿದಳು. ಕಾಯಿಲೆ ಏನಿಲ್ಲ, ವಯಸ್ಸಿನದು, ದೂರದ್ದಕ್ಕೂ ಹತ್ತಿರದ್ದಕ್ಕೂ ಕನ್ನಡಕ ಹಾಕಿದರೆ ಹೊಲಿಗೆಗೆ ಏನೂ ತೊಂದರೆಯಿಲ್ಲ ಎಂದಳು. ಇಷ್ಟಕ್ಕೇ ಇಷ್ಟು ವರ್ಷ ಹೆದರಿದ್ದೆನಲ್ಲ ಎಂದುಕೊಂಡ. ಕೊನೆಯ ಗಾಜು ಕೂತಾಗ ಜಗತ್ತು ಹಿಂಜಿದಂತೆ ಬಿಡಿಬಿಡಿಯಾಯಿತು. ತನ್ನ ತೋಳಿನ ಮೇಲೆ ಮಲಗಿದ್ದ ಹತ್ತಿಯ ಒಂದೊಂದು ಎಳೆ. ಹೆಂಡತಿಯ ಕಣ್ಣಂಚಿನ ಸಣ್ಣ ಗೆರೆಗಳು, ಯಾವಾಗ ಬಂದವೋ. ಅವಳ ರೆಪ್ಪೆಯ ಮೇಲೂ ಒಂದು ಎಳೆ ಹತ್ತಿ ಕೂತಿತ್ತು. ಬಹುಶಃ ದಿನವೂ ಹೀಗೇ ಕೂತು ಅವಳ ಜೊತೆ ಆಸ್ಪತ್ರೆಗೆ ಬರುತ್ತಿತ್ತೇನೋ.

"ಕಾಣ್ತಿದ್ಯಾ?"

"ಕಾಣ್ತಿದೆ" ಎಂದ, ಗೋಡೆಯ ಕಡೆ ನೋಡದೆ.

ಅವಳು ಮುಖ ತಿರುಗಿಸಿ ಗಾಜುಗಳ ಪೆಟ್ಟಿಗೆಯನ್ನು ಜೋಡಿಸತೊಡಗಿದಳು. ಜೋಡಿಸುತ್ತಲೇ ದನಿ ತಗ್ಗಿಸಿ ಹೇಳಿದಳು. "ಅಮ್ಮ ನಿನ್ನೆ ನಂಗೆಲ್ಲ ಹೇಳಿದ್ಲು. ಆ ರಿಬ್ಬನ್ ಕಥೆ, ಅವಳಿಗೂ ಅದು ಬೇಕಾಗಿತ್ತು ಅಂತ. ಮೊದಲೇ ನಾನೇ ಕೇಳ್ಬೇಕಿತ್ತು. ಕೇಳಿದ್ರೆ ಅಪ್ಪ ಇಲ್ಲ ಅಂತಾಗಿಬಿಡುತ್ತೆ ಅಂತ ಹೆದರಿದ್ದೆ." ಇನ್ನೊಂದು ಗಾಜನ್ನು ಅದರ ಜಾಗದಲ್ಲಿಟ್ಟು, "ಅಲ್ಲ ರೀ, ಬರೋ ವರ್ಷದ ಕೊನೇಲಿ ಏನ್ ಮಾಡೋದು? ಕಿಟಕಿ ಖಾಲಿ ಬಿಡೋದಾ? ಖಾಲಿ ಬಿಟ್ರೂ ಒಂಥರಾ. ಇಟ್ರೆ ಮತ್ತೆ ಸುಳ್ಳು. ಗೊತ್ತಿದ್ದೂ ಗೊತ್ತಿದ್ದೂ ಇಡೋದು ಸುಳ್ಳಾಗುತ್ತಾ? ನೀವೇ ಹೇಳಿ, ನಂಗಂತೂ..."

"ಅಪ್ಪಾ!"

ಹೊರಗಿನಿಂದ ಕೂಗು ಬಂತು. ಅಮ್ಮಾ ಅಲ್ಲ, ಅಜ್ಜೀ ಅಲ್ಲ. ಹತ್ತಿಯಣ್ಣನ ಬೆನ್ನು ನೆಟ್ಟಗಾಯಿತು.

"ಅಪ್ಪಾ, ಬೇಗ ಬಾ! ಮೋಡ ಮೊಳೆತಿದೆ!"

"ನಂಗಂತೂ ಏನೂ ತೋಚ್ತಿಲ್ಲ" ಎನ್ನುತ್ತ ಹೆಂಡತಿ ಪೆಟ್ಟಿಗೆಯ ಮುಚ್ಚಳ ಹಾಕಿ ತಿರುಗಿದಳು. "ಇಡೋದೇ ಆದ್ರೆ ನಾಲ್ಕು ಜನಾನೂ ಸೇರಿ... ರೀ? ರೀ, ಕನ್ನಡಕ! ಅದು ಆಸ್ಪತ್ರೇದು ರೀ!"

ಕುರ್ಚಿ ಇನ್ನೂ ತಿರುಗುತ್ತಿತ್ತು. ಅವನು ಕಬ್ಬಿಣದ ಚೌಕಟ್ಟನ್ನು ಮೂಗಿನ ಮೇಲೆ ಒಂದು ಕೈಯಲ್ಲಿ ಹಿಡಿದುಕೊಂಡು, ಬಾಗಿಲ ಪರದೆಯನ್ನು ಇನ್ನೊಂದು ಕೈಯಲ್ಲಿ ಸರಿಸಿ, ಆಗಲೇ ಹೊರಟುಹೋಗಿದ್ದ.